ಬೇಸ್ ಗಿಟಾರಲ್ಲಿ ಹಳೇ ರಾಕ್ ಹಾಡು ಕಲಿಯೋರು ಪದೇ ಪದೇ ಕೇಳೋ ಪ್ರಶ್ನೆಗಳು: ತುಮಕೂರಿನ ಕಡೆಯವ್ರಿಗೆ

ತುಮಕೂರಲ್ಲಿ ಬೇಸ್ ಕಲೀತಿರೋ ಕಾಲೇಜ್ ಹುಡುಗ ಹುಡುಗೀರು, ಜತೆಗೆ ಕೆಲ್ಸಕ್ಕೆ ಸೇರಿ ಕೈಯಲ್ಲಿ ನಾಕು ಕಾಸು ಆಡ್ತಿದ್ದ ಹಾಗೆ ಹಳೇ ಆಸೆ ತೀರಿಸ್ಕೊಳ್ಳೋಕೆ ಹೊರಟಿರೋ ಅಣ್ಣಂದ್ರು, ಎಲ್ರೂ ತಿರುಗಿಸಿ ಮುರುಗಿಸಿ ಕೇಳೋದು ಇವೇ ಪ್ರಶ್ನೆಗಳು. ಪ್ರತಿಸಲ ವಾಟ್ಸಾಪಲ್ಲಿ ಉದ್ದುದ್ದ ವಾಯ್ಸ್ ನೋಟ್ ಕಳ್ಸೋ ಬದ್ಲು ಒಂದೇ ಕಡೆ ಬರೆದಿಟ್ಟಿದೀನಿ. ಇಲ್ಲಿ ಇ, ಎ, ಡಿ, ಜಿ ಅಂತ ಬರೋದೆಲ್ಲ ತಂತಿ ಇಲ್ಲಾ ಸ್ವರದ ಹೆಸರು. ಇ ತಂತಿ ಎಲ್ಲಕ್ಕಿಂತ ದಪ್ಪಂದು, ಜಿ ತೆಳ್ಳಂದು, ಮಧ್ಯದ ಎರಡು ಎ ಮತ್ತೆ ಡಿ.

ಬೇಸ್ ಅಂದ್ರೆ ಎರಡು ತಂತಿ ಕಮ್ಮಿ ಇರೋ ಗಿಟಾರ್ ತಾನೆ? ಈಸಿ ಅಂತಾರಲ್ಲ?

ಮೊದಲ ಒಂದೆರಡು ವಾರ ಈಸಿನೇ. ಸಲಕ್ಕೊಂದು ಸ್ವರ, ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡಿಯೋ ತಾಪತ್ರಯ ಇಲ್ಲ, ಕೂತ ದಿನವೇ ಏನೋ ಒಂದು ಹಾಡಿನ ಹಾಗೆ ಕೇಳ್ಸುತ್ತೆ. ಆಮೇಲೆ ಶುರುವಾಗೋದು ಅಸಲಿ ಕೆಲ್ಸ. ಗಿಟಾರಿಸ್ಟ್ ಒಂದು ಕಡೆ ಎಡವಿದ್ರೆ ಸ್ಟೈಲ್ ಅಂತ ಬಿಟ್ಬಿಡ್ತಾರೆ, ಬೇಸ್‌ನವನು ಕಾಲು ಮಾತ್ರೆ ಮುಂದೆ ಓಡಿದ್ರೆ ಇಡೀ ಬ್ಯಾಂಡ್ ಕುಂಟುತ್ತೆ, ಕೇಳೋರಿಗೆ ಯಾರದ್ದು ತಪ್ಪು ಅಂತ ಗೊತ್ತಾಗಲ್ಲ, ಏನೋ ಸರಿ ಇಲ್ಲ ಅನ್ಸುತ್ತೆ ಅಷ್ಟೆ. ಮೈಕಟ್ಟೂ ಬೇರೆ: ಮಾಮೂಲಿ ಬೇಸಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೂ ತಂತಿ 34 ಇಂಚು, ಎಲೆಕ್ಟ್ರಿಕ್ ಗಿಟಾರಲ್ಲಿ ಸುಮಾರು 25 ಇಂಚು. ತಂತಿ ದಪ್ಪ, ಫ್ರೆಟ್ (ನೆಕ್ ಮೇಲಿನ ಅಡ್ಡಪಟ್ಟಿಗಳ ಮನೆ) ಅಗಲ, ತೂಕ ಹೆಚ್ಚೂಕಮ್ಮಿ ನಾಕು ಕೇಜಿ.

ಸದ್ಯಕ್ಕೆ ಬೇಸ್ ಇಲ್ಲ, ಮನೇಲಿ ಅಕ್ಕನ ಅಕೌಸ್ಟಿಕ್ ಗಿಟಾರ್ ಇದೆ. ಶುರು ಮಾಡ್ಬೋದಾ?

ಧಾರಾಳವಾಗಿ. ಗಿಟಾರಿನ ಮೇಲ್ಗಡೆ ನಾಕು ದಪ್ಪ ತಂತಿ ಇ ಎ ಡಿ ಜಿ, ಬೇಸಿನ ನಾಕು ತಂತಿನೂ ಅವೇ, ಒಂದು ಸ್ಥಾಯಿ ಕೆಳಗಿರುತ್ತೆ ಅಷ್ಟೆ. ಯಾವ ಸ್ವರ ಎಲ್ಲಿದೆ ಅನ್ನೋ ಲೆಕ್ಕ ಪೂರ್ತಿ ಅದ್ರಲ್ಲೇ ಕಲೀಬೋದು, ಹಾಡಿನ ನಡೆ ಬಾಯಿಪಾಠ ಮಾಡ್ಬೋದು. ಬಲಗೈ ಅಭ್ಯಾಸ ಮಾತ್ರ ಅದ್ರಲ್ಲಿ ಆಗಲ್ಲ, ಆ ತೆಳ್ಳನೆ ತಂತಿಗೂ ಬೇಸ್ ತಂತಿಗೂ ಸಂಬಂಧನೇ ಇಲ್ಲ. ಆದ್ರೂ ಬೇಸ್ ತಗೊಳ್ಳೋಕೆ ದುಡ್ಡು ಕೂಡಿಡೋ ಅಷ್ಟ್ರಲ್ಲಿ ಅಕ್ಕನ ಗಿಟಾರಲ್ಲೇ ಎರಡು ಹಾಡಿನ ಸ್ವರ ಮನಸ್ಸಲ್ಲಿ ಕೂತಿದ್ರೆ ಅರ್ಧ ಕೆಲ್ಸ ಆದಂಗೆ.

ಯಾವ ಬೇಸ್ ತಗೊಳ್ಳಲಿ? ತುಮಕೂರಲ್ಲೇ ಸಿಗುತ್ತಾ?

ನಮ್ಮೂರಲ್ಲಿ ಹಾರ್ಮೋನಿಯಂ, ತಬಲ, ಕೀಬೋರ್ಡ್, ಅಕೌಸ್ಟಿಕ್ ಗಿಟಾರ್ ಹುಡುಕೋದು ಕಷ್ಟ ಅಲ್ಲ. ಬೇಸನ್ನ ನಾಕೈದು ಮಾಡೆಲ್ ಪಕ್ಕಪಕ್ಕ ಇಟ್ಟು ಬಾರಿಸಿ ನೋಡಿ ತಗೋಬೇಕು ಅಂದ್ರೆ ಬೆಂಗಳೂರಿಗೇ ಹೋಗ್ಬೇಕು, 70 ಕಿಲೋಮೀಟರ್, ಬೆಳಿಗ್ಗೆ ಟ್ರೇನ್ ಹತ್ತಿದ್ರೆ ಸಂಜೆಗೆ ವಾಪಸ್. ಆನ್‌ಲೈನ್ ಅಗ್ಗ ಇರ್ಬೋದು, ಆದ್ರೆ ಮೊದಲ ಬೇಸನ್ನ ಕೈಯಲ್ಲಿ ಹಿಡೀದೆ ತಗೋಬೇಡಿ ಅನ್ನೋದು ನನ್ನ ಮಾತು.

ಅಂಗಡೀಲಿ ಏನ್ ನೋಡ್ಬೇಕು? ಬಣ್ಣ ಆಮೇಲೆ. ಮೊದ್ಲು ನಾಕೂ ತಂತೀನ ಒಂದೊಂದು ಫ್ರೆಟ್ ಒತ್ತಿ ಕೊನೇವರೆಗೂ ಹೋಗಿ, ಎಲ್ಲಾದ್ರೂ ಗರಗರ ಅಂತ ಸದ್ದು ಬಂದ್ರೆ ಇಲ್ಲಾ ಸ್ವರ ಸತ್ತಂಗೆ ಕೇಳಿದ್ರೆ ಅಂಗಡಿಯವ್ರನ್ನ ವಿಚಾರ್ಸಿ. 12ನೇ ಫ್ರೆಟ್ ಹತ್ರ ತಂತಿ ಮರದಿಂದ ಸಿಕ್ಕಾಪಟ್ಟೆ ಎದ್ದಿದ್ರೆ ಸೆಟಪ್ ಮಾಡ್ಕೊಡಿ ಅನ್ನಿ, ಒಳ್ಳೆ ಅಂಗಡಿಯವ್ರು ಮಾಡ್ಕೊಡ್ತಾರೆ. ಆಮೇಲೆ 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರನೂ ಅದೇ ಜಾಗದಲ್ಲಿ ಬೆರಳು ಸುಮ್ನೆ ಮುಟ್ಟಿಸಿ ಬರೋ ಹಾರ್ಮೋನಿಕ್ಕೂ ಟ್ಯೂನರಲ್ಲಿ ಒಂದೇ ತೋರಿಸ್ಬೇಕು. ಕೊನೇಗೆ ಬೆಲ್ಟ್ ಹಾಕಿ ನಿಂತು ಎಡಗೈ ಬಿಡಿ. ನೆಕ್ ನೆಲದ ಕಡೆ ಜಗ್ಗಿದ್ರೆ ಆ ಬೇಸ್ ಬೇಡ, ಮೂರು ಹಾಡಿಗೆ ಭುಜ ಹೋಗುತ್ತೆ.

ಮಾಡೆಲ್ ವಿಷ್ಯಕ್ಕೆ ಬಂದ್ರೆ, ಅಂಗಡೀಲಿ ಕಾಣೋ ಹೆಚ್ಚಿನವು ಎರಡೇ ಅಜ್ಜಂದಿರ ಮೊಮ್ಮಕ್ಕಳು. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಒಂದು, 1960ರಲ್ಲಿ ಬಂದ ಜ್ಯಾಝ್ ಬೇಸ್ ಇನ್ನೊಂದು. ಹಳೇ ರಾಕ್‌ಗೆ ಎರಡೂ ಆಗುತ್ತೆ. ಪ್ರಿಸಿಷನ್ ಥರದ್ದು ಒಂದೇ ದಪ್ಪ ದನಿ, ತಲೆನೋವಿಲ್ಲ. ಜ್ಯಾಝ್ ಥರದ್ರಲ್ಲಿ ನೆಕ್ ಸಣ್ಣ, ದನಿ ತಿದ್ದೋಕೆ ಅವಕಾಶ ಜಾಸ್ತಿ. ಕೈ ಚಿಕ್ಕದಿದ್ರೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೇಳಿ ನೋಡಿ, ಅದು ಮಕ್ಕಳ ಆಟಿಕೆ ಅಂತ ಯಾರಾದ್ರೂ ನಕ್ಕರೆ ಪಾಲ್ ಮೆಕಾರ್ಟ್ನಿ ಬೀಟಲ್ಸಲ್ಲಿ ಹಿಡ್ಕೊಂಡಿದ್ದ ಪಿಟೀಲಿನ ಆಕಾರದ ಹಾಫ್ನರ್ ಕೂಡ ಶಾರ್ಟ್ ಸ್ಕೇಲೇ ಅಂತ ಹೇಳಿ.

ಬೈಕಲ್ಲಿ ತರೋರಿಗೆ ಒಂದು ಮಾತು: ಬ್ಯಾಗ್ ಬೆನ್ನಿಗೆ ಹಾಕಿದ್ರೆ ಬೇಸಿನ ತಲೆ ನಿಮ್ಮ ಹೆಲ್ಮೆಟ್‌ಗಿಂತ ಮೇಲಿರುತ್ತೆ. ಗೇಟು, ಅಂಗಡಿ ಬೋರ್ಡು, ಮರದ ಕೊಂಬೆ, ಮೂರೂ ನೆನಪಿರಲಿ.

ಆಂಪ್ (ಸದ್ದು ಜೋರು ಮಾಡೋ ಸ್ಪೀಕರ್ ಡಬ್ಬ) ಬೇಕೇ ಬೇಕಾ? ನಾವು ಬಾಡಿಗೆ ಮನೇಲಿರೋದು, ಓನರ್ ಕೆಳಗಡೆನೇ ಇರ್ತಾರೆ.

ಹಂಗಾದ್ರೆ ಆಂಪ್ ಬೇಡ, ಹೆಡ್‌ಫೋನ್ ಸಾಕು. ಬೇಸಿನ ಕೆಳಗಿನ ಇ ಅಂದ್ರೆ ಸೆಕೆಂಡಿಗೆ ಸುಮಾರು 41 ಕಂಪನ, ಇಷ್ಟು ಕೆಳಗಿನ ಸದ್ದು ಗೋಡೆ, ತಾರಸಿ ಯಾವುದಕ್ಕೂ ಬಗ್ಗಲ್ಲ, ನಿಮ್ಮ ರೂಮಲ್ಲಿ ಮೆಲ್ಲಗೆ ಕೇಳ್ತಿದ್ರೂ ಕೆಳಗಿನ ಮನೆ ಪಾತ್ರೆ ಅದುರ್ತಿರುತ್ತೆ. ಬೇಸಿಗೆ ನೇರ ಚುಚ್ಚೋ ಸಣ್ಣ ಹೆಡ್‌ಫೋನ್ ಆಂಪ್ ಬರುತ್ತೆ, ಇಲ್ಲಾ ಲ್ಯಾಪ್‌ಟಾಪ್ ಇದ್ರೆ ಆಡಿಯೋ ಇಂಟರ್‌ಫೇಸ್ ತಗೊಳ್ಳಿ, ಮುಂದೆ ರೆಕಾರ್ಡಿಂಗ್‌ಗೂ ಆಗುತ್ತೆ. ಫ್ರೆಂಡ್‌ದು ಗಿಟಾರ್ ಆಂಪ್ ಇದ್ರೆ ವಾಲ್ಯೂಮ್ ತೀರ ಕಮ್ಮಿ ಇಟ್ಕೊಂಡು ನುಡಿಸ್ಬೋದು, ಜೋರು ಮಾಡಿದ್ರೆ ಅದ್ರ ಸ್ಪೀಕರ್ ಹರ್ಕೊಳ್ಳೋ ಚಾನ್ಸ್ ಇರುತ್ತೆ, ಫ್ರೆಂಡ್‌ಶಿಪ್ಪೂ.

ಪ್ಲಗ್ ಹಾಕಿದ ತಕ್ಷಣ ಗುಂಯ್ ಅಂತ ಸದ್ದು. ಬೇಸ್ ಹಾಳಾಗಿದ್ಯಾ?

ಬಹುತೇಕ ಬೇಸ್ ತಪ್ಪಿರಲ್ಲ. ತಂತಿ ಮುಟ್ಟಿದ್ರೆ ಸದ್ದು ಕಮ್ಮಿ ಆಗುತ್ತಾ ನೋಡಿ. ಕಮ್ಮಿ ಆದ್ರೆ ವೈರಿಂಗ್ ಸಾಮಾನ್ಯವಾಗಿ ಸರಿ ಇದೆ ಅಂತ, ತಂತಿಗಳು ಒಳಗಡೆ ಗ್ರೌಂಡಿಗೆ ಸೇರಿರುತ್ವೆ. ಟ್ಯೂಬ್‌ಲೈಟು, ಫ್ಯಾನ್ ರೆಗ್ಯುಲೇಟರು, ಫೋನ್ ಚಾರ್ಜರು ಒಂದೊಂದೇ ಆಫ್ ಮಾಡಿ ನೋಡಿ. ಜ್ಯಾಝ್ ಥರದ ಬೇಸಲ್ಲಿ ಎರಡೂ ಪಿಕಪ್ (ತಂತಿ ಕಂಪನ ಹಿಡಿಯೋ ಅಯಸ್ಕಾಂತದ ಪಟ್ಟಿ) ವಾಲ್ಯೂಮ್ ಪೂರ್ತಿ ತಿರುಗಿಸಿದ್ರೆ ಒಂದರ ಗುಂಯ್ ಇನ್ನೊಂದು ಕಳೆಯುತ್ತೆ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡ್ತಿದ್ದಾಗ ಮಾತ್ರ ಈ ಸದ್ದು ಬರ್ತಿದ್ರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿರ್ಬೋದು. ಅದ್ರ ಮೇಲೆ ಆಂಪ್ ಸುಮ್ನಿರಲ್ಲ. ಸೈನ್ ವೇವ್ ಇನ್ವರ್ಟರ್ ಆದ್ರೆ ಸಾಮಾನ್ಯವಾಗಿ ಆ ಕಾಟ ಇಲ್ಲ. ಪವರ್ ಕಟ್ ಟೈಮಲ್ಲಿ ಆಂಪ್ ಬಿಟ್ಟು ಬರೀ ಬೇಸನ್ನ ಮೇಜಿಗೋ ಬಾಗಿಲಿಗೋ ತಾಗಿಸ್ಕೊಂಡು ನುಡಿಸಿ, ಮರದಲ್ಲಿ ಸದ್ದು ಚೆನ್ನಾಗೇ ಕೇಳ್ಸುತ್ತೆ.

ಇದೊಂದು ಮಾತ್ರ ತಮಾಷೆ ಅಲ್ಲ: ತಂತಿ ಮುಟ್ಟಿದಾಗ ಇಲ್ಲಾ ಒಂದು ಕೈಲಿ ಮೈಕ್ ಹಿಡಿದಾಗ ಜುಮ್ ಅಂತ ಶಾಕ್ ಹೊಡೆದ್ರೆ ತಕ್ಷಣ ನಿಲ್ಸಿ. ಮನೆ ಅರ್ಥಿಂಗ್ ಸರಿ ಇಲ್ದೆ ಇರ್ಬೋದು, ಎಲೆಕ್ಟ್ರಿಷಿಯನ್ ಕರೆಸಿ. ನಮ್ಮ ಕಡೆ ಬೇಸಿಗೇಲಿ ಅರ್ಥಿಂಗ್ ಗುಂಡಿ ಒಣಗಿ ಹೋಗಿರುತ್ತೆ, ನೀರು ಹಾಕಿದ್ರೆ ಸರಿಹೋಗೋದೂ ಉಂಟು, ಆದ್ರೆ ಚೆಕ್ ಮಾಡ್ಸದೆ ಮತ್ತೆ ಪ್ಲಗ್ ಹಾಕ್ಬೇಡಿ. ಮೂರು ಪಿನ್ನಿಂದು ಸಾಕೆಟ್‌ಗೆ ಹೋಗಲ್ಲ ಅಂತ ಅರ್ಥ್ ಪಿನ್ ಮುರಿದು ಹಾಕೋ ಮಹಾನುಭಾವರಿದ್ದಾರೆ, ಅವರ ಮಾತು ಕೇಳ್ಬೇಡಿ.

ಮೊದಲ ಹಾಡು ಯಾವುದು ಕಲೀಲಿ?

ಯೂಟ್ಯೂಬ್ ಕೇಳಿದ್ರೆ ರಿಫ್, ಅಂದ್ರೆ ಹಾಡಲ್ಲಿ ಪದೇ ಪದೇ ಬರೋ ಪುಟ್ಟ ತುಣುಕು, ತೋರಿಸುತ್ತೆ. ನಾನು ಹೇಳೋದು, ಮೊದಲಿಂದ ಕೊನೇವರೆಗೂ ನಿಲ್ಲಿಸದೆ ನುಡಿಸೋಕಾಗೋ ಹಾಡು ಹಿಡೀರಿ, ಎಷ್ಟೇ ಸಪ್ಪೆ ಅನ್ಸಿದ್ರೂ ಪರ್ವಾಗಿಲ್ಲ. ಈ ಪೇಜಲ್ಲಿ ಒಂದೇ ಒಂದು ಮಾತು ನೆನಪಿಟ್ಕೋಬೇಕು ಅಂದ್ರೆ ಇದನ್ನ ಇಟ್ಕೊಳ್ಳಿ.

ಯೂ2 ಬ್ಯಾಂಡಿನ ವಿತ್ ಆರ್ ವಿದೌಟ್ ಯೂ, 1987ರದ್ದು, ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಮೊದಲ ಹಾಡಿಲ್ಲ. ಡಿ, ಎ, ಬಿ, ಜಿ, ಈ ನಾಕು ಸ್ವರ ಸುತ್ತು ಹೊಡೀತಾನೇ ಇರುತ್ತೆ. ಡಿ ಅಂದ್ರೆ ಎ ತಂತಿ 5ನೇ ಫ್ರೆಟ್, ಎ ಅಂದ್ರೆ ಇ ತಂತಿ 5, ಬಿ ಅಂದ್ರೆ ಇ ತಂತಿ 7, ಜಿ ಅಂದ್ರೆ ಇ ತಂತಿ 3. ಒಂದೊಂದು ಸ್ವರಕ್ಕೂ ಎಂಟೆಂಟು ಏಟು. ಕೈ ಎಲ್ಲೂ ಓಡ್ಬೇಕಿಲ್ಲ. ಎರಡು ನಿಮಿಷ ಆದ್ಮೇಲೆ ಬೋರಾಗಿ ಕೈ ತಾನಾಗೇ ಏನಾದ್ರೂ ಅಲಂಕಾರ ಮಾಡೋಕೆ ಹೋಗುತ್ತೆ ನೋಡಿ, ಅದನ್ನ ತಡೀರಿ. ಆಡಮ್ ಕ್ಲೇಟನ್ ತಡ್ಕೊಂಡಿದ್ದಕ್ಕೇ ಮೇಲ್ಗಡೆ ಹಾಡೋನು ಅಷ್ಟು ಎತ್ತರಕ್ಕೆ ಹೋಗೋಕಾಯ್ತು.

ಎರಡನೇದು ಡೀಪ್ ಪರ್ಪಲ್‌ದು ಸ್ಮೋಕ್ ಆನ್ ದ ವಾಟರ್, 1972. ಗಿಟಾರ್ ರಿಫ್ ಊರಿಗೆಲ್ಲ ಗೊತ್ತು, ಆದ್ರೆ ಬೇಸ್ ಏನ್ ಮಾಡುತ್ತೆ ಅಂತ ಕೇಳಿದ್ರೆ ಗಿಟಾರಿಸ್ಟ್‌ಗಳೇ ತಡವರಿಸ್ತಾರೆ. ರೋಜರ್ ಗ್ಲೋವರ್ ಆ ರಿಫ್ ನುಡಿಸ್ತಿಲ್ಲ, ಕೆಳಗಡೆ ಜಿ ಒಂದನ್ನೇ, ಇ ತಂತಿ 3ನೇ ಫ್ರೆಟ್, ಟಕಟಕ ಟಕಟಕ ಅಂತ ಹಿಡ್ಕೊಂಡಿದಾನೆ. ತಂಬೂರಿ ಮೇಲೆ ರಾಗ ನಡೆಯಲ್ವಾ ಹಂಗೆ, ಕೆಳಗಿನ ಸ್ವರ ಅಲ್ಲಾಡದೆ ನಿಂತಿರೋದಕ್ಕೇ ಮೇಲಿನ ರಿಫ್‌ಗೆ ಆ ಗತ್ತು.

ಮೂರನೇದು ಎಸಿ ಡಿಸಿಯ ಹೈವೇ ಟು ಹೆಲ್, 1979. ಇದ್ರಲ್ಲಿ ಪಾಠ ಏನಪ್ಪ ಅಂದ್ರೆ ಮೊದಲ ಚರಣದಲ್ಲಿ ಬೇಸೇ ಇಲ್ಲ, ಕೈ ಕಟ್ಕೊಂಡು ನಿಂತಿರ್ಬೇಕು, ಪಲ್ಲವಿಗೆ ಒಳಗೆ ಬಂದಾಗ ಇಡೀ ಹಾಡು ದಪ್ಪ ಆಗುತ್ತೆ. ಸ್ಟೇಜ್ ಮೇಲೆ ಸುಮ್ನೆ ನಿಲ್ಲೋದು ಎಷ್ಟು ಕಷ್ಟ ಅಂತ ಒಂದ್ಸಲ ಮಾಡಿ ನೋಡಿ.

ಸಮ್ಮರ್ ಆಫ್ 69 ಕಲ್ತಿರ್ಬೇಕಾ ಅಂದ್ರೆ, ಹೌದು, ಇಷ್ಟ ಇರ್ಲಿ ಬಿಡ್ಲಿ. ನಮ್ಮ ಕಡೆ ಯಾವ ಕಾಲೇಜ್ ಫೆಸ್ಟ್ ಆದ್ರೂ ಯಾರೋ ಒಬ್ರು ಕೇಳೇ ಕೇಳ್ತಾರೆ.

ನಂಗೆ ಹದಿನೈದು ರಿಫ್ ಬರುತ್ತೆ, ಆದ್ರೂ ಜ್ಯಾಮ್‌ಗೆ ಕರೆದ್ರೆ ತಬ್ಬಿಬ್ಬಾಗ್ತೀನಿ. ಯಾಕೆ?

ಯಾಕಂದ್ರೆ ನಿಮಗೆ ಬರೋದು ಹದಿನೈದು ಹಾಡಿನ ಮೊದಲ ಹದಿನೈದು ಸೆಕೆಂಡು. ಪಲ್ಲವಿಗೆ ಯಾವಾಗ ಹೋಗ್ಬೇಕು, ಎರಡನೇ ಚರಣ ಎಷ್ಟು ಸುತ್ತು, ಸೋಲೋ ಕೆಳಗಡೆ ಯಾವ ಕಾರ್ಡ್, ಎಲ್ಲಿ ಎಲ್ರೂ ಒಟ್ಟಿಗೆ ನಿಲ್ಸೋದು, ಇವು ಗೊತ್ತಿಲ್ಲ ಅಂದ್ರೆ ಡ್ರಮ್ಮರ್ ಮುಖ ನೋಡ್ಕೊಂಡು ನಿಂತಿರ್ತೀರಿ, ಅವನು ನಿಮ್ಮ ಮುಖ ನೋಡ್ತಿರ್ತಾನೆ. ಮದ್ದು ಸಿಂಪಲ್: ಒಂದು ಹಾಳೇಲಿ ಹಾಡಿನ ನಕ್ಷೆ ಬರ್ಕೊಳ್ಳಿ. ಇಂಟ್ರೋ 4 ಸುತ್ತು, ಚರಣ 8, ಪಲ್ಲವಿ 8, ಹೀಗೆ. ಬೇಸ್ ಮುಟ್ಟೋಕೆ ಮುಂಚೆ ಹಾಡು ಹಾಕ್ಕೊಂಡು ಬೆರಳಲ್ಲಿ ಎಣಿಸ್ತಾ ಈ ಹಾಳೆ ತುಂಬ್ಸಿ. ಆಮೇಲೆ ತಪ್ಪಾದ್ರೂ ನಿಲ್ಲಿಸದೆ ಕೊನೇವರೆಗೂ ನುಡಿಸಿ. ತಪ್ಪಿದ ಕಡೆ ನಿಂತು ಮತ್ತೆ ಮೊದಲಿಂದ ಹೋಗೋ ಚಟ ಇದ್ಯಲ್ಲ, ಅದ್ರಿಂದ್ಲೇ ಎಲ್ರಿಗೂ ಇಂಟ್ರೋ ಮಾತ್ರ ಪಕ್ಕಾ ಇರೋದು.

ಫೋನಲ್ಲಿ ಹಾಡು ಹಾಕಿದ್ರೆ ಬೇಸ್ ಕೇಳಿಸೋದೇ ಇಲ್ಲವಲ್ಲ?

ಫೋನಿನ ಸ್ಪೀಕರ್ ಉಗುರಗಲ ಇರುತ್ತೆ, ಬೇಸಿನ ಕೆಳಗಿನ ಸ್ವರಗಳನ್ನ ಹೊರಗೆ ಹಾಕೋ ಶಕ್ತಿ ಅದಕ್ಕಿಲ್ಲ. ಸ್ವರದ ಮೇಲಿನ ಪದರಗಳನ್ನ ಕೇಳಿ ಮೆದುಳು ಉಳಿದಿದ್ದನ್ನ ಊಹೆ ಮಾಡ್ಕೊಳ್ಳುತ್ತೆ. ಇಯರ್‌ಫೋನ್ ಹಾಕಿ, ಸಾಧಾರಣ ವೈರಿಂದೇ ಸಾಕು. ಬ್ಲೂಟೂತ್ ಹಾಕ್ಕೊಂಡು ಜತೇಲಿ ನುಡಿಸೋಕೆ ಹೋಗ್ಬೇಡಿ, ಸದ್ದು ಸ್ವಲ್ಪ ತಡವಾಗಿ ಬರುತ್ತೆ. ಬೇಸ್, ಡ್ರಮ್ಸ್, ಹಾಡು ಬೇರೆಬೇರೆ ಮಾಡಿಕೊಡೋ ಮಾಯ್ಸಸ್ ಥರದ ಆ್ಯಪ್‌ಗಳಿವೆ, ಬೇಸ್ ಒಂದೇ ಕೇಳೋಕೂ ಆಗುತ್ತೆ, ಬೇಸ್ ತೆಗೆದು ಆ ಜಾಗದಲ್ಲಿ ನೀವು ನುಡಿಸೋಕೂ ಆಗುತ್ತೆ. ಈ ಎರಡನೇದು ಬಹಳ ಉಪಯೋಗ, ನಮ್ಮ ಕಾಲದಲ್ಲಿ ಇದಿರ್ಲಿಲ್ಲ ಅಂತ ಹೊಟ್ಟೆ ಉರಿಯುತ್ತೆ.

ಟ್ಯಾಬ್ (ಯಾವ ತಂತೀಲಿ ಯಾವ ಫ್ರೆಟ್ ಅಂತ ಅಂಕೀಲಿ ಬರೆದಿರೋದು) ನೋಡಿ ಕಲೀಲಾ, ಕಿವೀಲಿ ಹಿಡೀಲಾ?

ಎರಡೂ. ಮೊದ್ಲು ಕಿವೀಲಿ ಮೂಲ ಸ್ವರ ಹಿಡೀರಿ, ಸಿಗದ ಕಡೆ ಟ್ಯಾಬ್ ನೋಡಿ. ಇಂಟರ್ನೆಟ್ಟಲ್ಲಿರೋ ಟ್ಯಾಬ್ ಯಾರೋ ನಮ್ಮ ನಿಮ್ಮಂಥೋರೇ ಬರೆದಿರೋದು, ಸ್ವರ ಸರಿ ಇದ್ರೂ ಜಾಗ ತಪ್ಪಿರುತ್ತೆ, ಎಷ್ಟು ಹೊತ್ತು ಹಿಡೀಬೇಕು ಅನ್ನೋದು ಎಷ್ಟೋ ಟ್ಯಾಬಲ್ಲಿ ಇರೋದೇ ಇಲ್ಲ. ಬೇಸಲ್ಲಿ ಯಾವಾಗ ನಿಲ್ಲಿಸ್ತೀರಿ ಅನ್ನೋದು ಯಾವಾಗ ಶುರು ಮಾಡ್ತೀರಿ ಅನ್ನೋದ್ರಷ್ಟೇ ಮುಖ್ಯ.

ಕ್ವೀನ್‌ದು ಅನದರ್ ಒನ್ ಬೈಟ್ಸ್ ದ ಡಸ್ಟ್ ತಗೊಳ್ಳಿ, 1980. ಸ್ವರ ಮೂರೇ: ಖಾಲಿ ಇ ತಂತಿ, ಅದರ 3ನೇ ಫ್ರೆಟ್ ಜಿ, 5ನೇ ಫ್ರೆಟ್ ಎ. 5, 3, ಖಾಲಿ, ಖಾಲಿ, ಖಾಲಿ. ಆಮೇಲೆ ಖಾಲಿ, ಖಾಲಿ, ಖಾಲಿ, 3, ಖಾಲಿ, 5. ಟ್ಯಾಬ್ ಇಷ್ಟೇ ಹೇಳುತ್ತೆ. ಇದನ್ನ ಹಂಗೇ ನುಡಿಸಿದ್ರೆ ಖಾಲಿ ತಂತಿ ಗುಂಯ್ಗುಡ್ತಾ ಒಂದರ ಮೇಲೊಂದು ಬಿದ್ದು ರಾಡಿ ಆಗುತ್ತೆ. ರೆಕಾರ್ಡಿಂಗ್ ಕೇಳಿ, ಮೂರು ಇ ಇದಾವಲ್ಲ, ಒಂದೊಂದೂ ಹೊಡೆದ ಮೇಲೆ ಮೌನ. ಖಾಲಿ ತಂತಿ ತಾನಾಗೇ ನಿಲ್ಲಲ್ಲ, ಒತ್ತಿದ ಫ್ರೆಟ್ ಆದ್ರೆ ಬೆರಳು ಸಡ್ಲ ಮಾಡಿದ್ರೆ ನಿಲ್ಲುತ್ತೆ, ಖಾಲಿ ತಂತಿಗೆ ಎಡಗೈ ಬೆರಳು ಮೆತ್ತಗೆ ಮಲಗಿಸ್ಬೇಕು ಇಲ್ಲಾ ಬಲಗೈ ಮುಂದಿನ ಬೆರಳು ಬಂದು ತಂತಿ ಮೇಲೆ ಕೂರ್ಬೇಕು. ಒಂದು ಸಂಜೆ ಪೂರ್ತಿ ಈ ಮೂರು ಇ ಮಾತ್ರ ನುಡಿಸಿ. ಮೌನ ಸರಿಯಾಗಿ ಬಿತ್ತು ಅಂದ್ರೆ ಪಕ್ಕದ ರೂಮಿನೋರು ತಲೆ ಆಡಿಸೋಕೆ ಶುರು ಮಾಡ್ತಾರೆ.

ಅಂದಹಾಗೆ ಇದನ್ನ ಬರೆದ ಜಾನ್ ಡೀಕನ್ ಓದಿದ್ದು ಎಲೆಕ್ಟ್ರಾನಿಕ್ಸ್. ಕಸದ ತೊಟ್ಟೀಲಿ ಸಿಕ್ಕ ಸರ್ಕ್ಯೂಟ್ ಬೋರ್ಡ್ ತಗೊಂಡು ಒಂದು ಪುಟಾಣಿ ಆಂಪ್ ಮಾಡಿದ್ದ, ಅದನ್ನ ಕ್ವೀನ್ ಬ್ಯಾಂಡಿನ ಬ್ರಯನ್ ಮೇ ರೆಕಾರ್ಡಿಂಗಲ್ಲೇ ಬಳಸ್ತಿದ್ದ. ಎಸ್‌ಐಟಿ, ಎಸ್‌ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜ್ ಕಡೆಯ ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚ್ ಹುಡುಗ್ರು ಮನೇಲಿ ಬೈಸ್ಕೊಂಡಾಗ ಈ ಕಥೆ ಉಪಯೋಗಿಸ್ಬೋದು.

ಪಿಕ್ (ತಂತಿ ಮೀಟೋ ಪುಟ್ಟ ಚೂರು) ಹಿಡಿದ್ರೆ ಅಸಲಿ ಬೇಸಿಸ್ಟ್ ಅಲ್ಲ ಅಂತಾರೆ?

ಅನ್ನೋರಿಗೆ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ರೋಜರ್ ವಾಟರ್ಸ್, ಎಸಿ ಡಿಸಿಯ ಕ್ಲಿಫ್ ವಿಲಿಯಮ್ಸ್, ಯೆಸ್ ಬ್ಯಾಂಡಿನ ಕ್ರಿಸ್ ಸ್ಕ್ವೈರ್, ಗನ್ಸ್ ಎನ್ ರೋಸಸ್‌ನ ಡಫ್ ಮೆಕ್‌ಕೇಗನ್, ಇವರ ಹೆಸರು ಹೇಳಿ, ಎಲ್ಲ ಪಿಕ್ ಗಿರಾಕಿಗಳೇ. ಇನ್ನೊಂದು ಕಡೆ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಕುದುರೆ ಓಟದ ಥರದ ಆ ನಡೆಯನ್ನೆಲ್ಲ ಬೆರಳಲ್ಲೇ ಎಳೀತಾನೆ. ಬಹಳ ಹಿಂದೆ ಮೋಟೌನ್ ಹಾಡುಗಳಿಗೆ ನುಡಿಸ್ತಿದ್ದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದ್ರಲ್ಲೇ ಎಲ್ಲ ಮುಗಿಸ್ತಿದ್ದ. ಹಾಡಿಗೆ ಏನು ಬೇಕೋ ಅದು. ಶುರುವಲ್ಲಿ ತೋರುಬೆರಳು, ಮಧ್ಯದ ಬೆರಳು ಒಂದಾದ ಮೇಲೊಂದು ಬರೋ ಹಾಗೆ ಅಭ್ಯಾಸ ಮಾಡಿ, ಪಿಕ್ಕನ್ನ ಎಸಿ ಡಿಸಿ ಹಾಡು ಕಲಿಯೋವಾಗ ಕೈಗೆ ತಗೊಳ್ಳಿ.

ಸ್ವೀಟ್ ಚೈಲ್ಡ್ ಓ ಮೈನ್ ಜತೆ ನುಡಿಸಿದ್ರೆ ಸ್ವರನೇ ಕೂಡಲ್ಲ. ಟ್ಯೂನರಲ್ಲಿ ಸರಿಯಾಗೇ ತೋರಿಸ್ತಿದೆ.

ನಿಮ್ಮದು ಸರಿ, ಅದನ್ನ ನುಡಿಸಿರೋ ಗನ್ಸ್ ಎನ್ ರೋಸಸ್ ಬ್ಯಾಂಡಿನೋರು ಎಲ್ಲ ತಂತೀನೂ ಅರ್ಧ ಸ್ವರ, ಅಂದ್ರೆ ಒಂದು ಫ್ರೆಟ್ಟಿನಷ್ಟು, ಕೆಳಗೆ ಇಳಿಸಿದಾರೆ. ಹೆಂಡ್ರಿಕ್ಸ್, ವ್ಯಾನ್ ಹೇಲನ್ ಹಾಡು ಎಷ್ಟೋ ಹೀಗೇ. ಟ್ಯೂನರ್ ಆ್ಯಪಲ್ಲಿ ಇ ಫ್ಲ್ಯಾಟ್ ಅಂತ ಆರಿಸ್ಕೊಂಡು ಇಳ್ಸಿ, ಮುಗಿದ ಮೇಲೆ ಮತ್ತೆ ಏರ್ಸಿ. ಬ್ಲ್ಯಾಕ್ ಸಬ್ಬತ್ 1970ರ ಪ್ಯಾರನಾಯ್ಡ್ ಹಾಡಲ್ಲಿ ಮಾಮೂಲಿ ಶ್ರುತೀಲೇ ಇದ್ದು ಮುಂದಿನ ವರ್ಷದ ಆಲ್ಬಮ್ಮಲ್ಲಿ ಒಂದಷ್ಟು ಹಾಡಿಗೆ ಮೂರು ಫ್ರೆಟ್ಟಷ್ಟು ಇಳಿದ್ರು. ಕೆಲವು ಹಳೇ ರೆಕಾರ್ಡಿಂಗಲ್ಲಿ ಟೇಪ್ ಓಡಿದ ವೇಗದಿಂದ ಶ್ರುತಿ ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನೋ ಹಂಗಿರುತ್ತೆ, ಅಲ್ಲಿ ಟ್ಯೂನರ್ ಮರೆತು ಕಿವಿಗೆ ಕೂಡೋವರೆಗೂ ತಿರುಗಿಸೋದೇ.

ನಾನು ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲ್ತಿದ್ದೆ. ಏನಾದ್ರೂ ಉಪಯೋಗ ಆಗುತ್ತಾ?

ಉಪಯೋಗ ಆಗುತ್ತಾ ಅಂತ ಕೇಳ್ತೀರಲ್ಲ, ನೀವು ಬೇರೆಯೋರಿಗಿಂತ ಆರು ತಿಂಗಳು ಮುಂದಿದೀರಿ. ಮೇಜರ್ ಸ್ಕೇಲ್ ಅಂದ್ರೆ ಧೀರ ಶಂಕರಾಭರಣದ ಸ್ವರಗಳು, ನ್ಯಾಚುರಲ್ ಮೈನರ್ ಅಂದ್ರೆ ನಟಭೈರವಿ, ರಾಕ್‌ನೋರು ಹಗಲೂ ರಾತ್ರಿ ಉಜ್ಜೋ ಮೈನರ್ ಪೆಂಟಟಾನಿಕ್ ಶುದ್ಧ ಧನ್ಯಾಸಿ. ಗಮಕ ಮಾತ್ರ ಮರೀಬೇಕು, ಇಲ್ಲಿ ಸ್ವರ ನೆಟ್ಟಗೆ ನಿಲ್ಬೇಕು. ಸಾ ಗೊತ್ತಿದ್ರೆ ಪಾ ಎಲ್ಲಿ ಅಂತ ಹುಡುಕೋದೇ ಬೇಡ: ಮುಂದಿನ ತಂತೀಲಿ ಎರಡು ಫ್ರೆಟ್ ಮೇಲೆ. ಮೇಲಿನ ಸಾ ಅದರ ಮುಂದಿನ ತಂತೀಲಿ, ಪಾ ಇರೋ ಫ್ರೆಟ್ಟಲ್ಲೇ. ಸಾ, ಪಾ, ಮೇಲ್ಸಾ, ಈ ಮೂರು ಸ್ವರದ ಆಕಾರ ಕೈಗೆ ಕೂತ್ರೆ ಹಳೇ ರಾಕ್ ಹಾಡಲ್ಲಿ ಅರ್ಧಕ್ಕರ್ಧ ಹಿಡಿದ್ಬಿಡ್ಬೋದು.

ತಾಳದ ವಿಷ್ಯದಲ್ಲಂತೂ ಪಿಂಕ್ ಫ್ಲಾಯ್ಡ್‌ನ ಮನಿ, 1973ರದ್ದು, ನಿಮಗೇ ಬರೆದಂಗಿದೆ. ಬೇರೆಯೋರು ಏಳು ಎಣಿಕೆ ಅಂದ ತಕ್ಷಣ ಬೆವರ್ತಾರೆ, ಮಿಶ್ರ ಛಾಪು ಹಾಕಿ ಬೆಳೆದೋರಿಗೆ ಏಳೇನು ಲೆಕ್ಕ. ಆದ್ರೆ ತಕಿಟ ತಕಧಿಮಿ ಅಂತ ಮೂರು ನಾಕಾಗಿ ಒಡೆದು ಒತ್ತು ಕೊಡೋಕೆ ಹೋಗ್ಬೇಡಿ, ಆ ರಿಫ್ ನಡೆಯೋದು ಏಳು ಸಮ ಹೆಜ್ಜೆಯಾಗಿ. ಹೆಜ್ಜೆಗೊಂದು ಸ್ವರ, ಎರಡನೇ ಹೆಜ್ಜೇಲಿ ಮಾತ್ರ ಎರಡು: ಬಿ, ಮೇಲಿನ ಬಿ ಜತೆ ಎಫ್ ಶಾರ್ಪ್, ಬಿ, ಕೆಳಗಿನ ಎಫ್ ಶಾರ್ಪ್, ಎ, ಬಿ, ಡಿ. ಆ ಎರಡನೇ ಹೆಜ್ಜೆಯ ಜೋಡಿ ಸ್ವಲ್ಪ ಜೋಲಿ ಹೊಡೀತಾ ಬರ್ಬೇಕು, ನೆಟ್ಟಗೆ ಟಕಟಕ ಅಂದ್ರೆ ಹಾಡಿನ ಜೀವ ಹೋಯ್ತು. ಸ್ಯಾಕ್ಸಫೋನ್ ಸೋಲೋವರೆಗೂ ಏಳೇ, ಗಿಟಾರ್ ಸೋಲೋ ಬಂದಾಗ ನಾಕಕ್ಕೆ ತಿರುಗಿ ಮತ್ತೆ ಏಳಕ್ಕೆ ವಾಪಸ್. ಈ ತಿರುವಲ್ಲೇ ಬ್ಯಾಂಡ್‌ಗಳು ಚೆಲ್ಲಾಪಿಲ್ಲಿ ಆಗೋದು.

ಡ್ರಮ್ಮರ್ ಸಿಗ್ತಿಲ್ಲ. ಮೆಟ್ರೊನೋಮ್ ಇಟ್ಕೊಂಡು ನುಡಿಸಿದ್ರೆ ಬೋರು.

ಮೆಟ್ರೊನೋಮನ್ನ ಅರ್ಧ ವೇಗಕ್ಕೆ ಇಳಿಸಿ, ಆ ಟಿಕ್ ನಿಮ್ಮ ಎರಡನೇ ಮತ್ತೆ ನಾಲ್ಕನೇ ಎಣಿಕೆಗೆ ಬೀಳೋ ಹಾಗೆ ನುಡಿಸಿ, ಆಗ ಅದು ಸ್ನೇರ್ ಡ್ರಮ್ ಥರ ಕೇಳ್ಸುತ್ತೆ, ಒಂದು ಮತ್ತೆ ಮೂರು ನಿಮ್ಮ ಜವಾಬ್ದಾರಿ. ಹಾಡು ಕೇಳೋವಾಗಲೂ ಡ್ರಮ್ಮರ್ ಕಾಲಿನ ಕಿಕ್ ಕಡೆ ಕಿವಿ ಕೊಡಿ, ಹಳೇ ರಾಕಲ್ಲಿ ಬಹಳಷ್ಟು ಸಲ ಬೇಸ್ ಅದರ ಬೆನ್ನಿಗೇ ಅಂಟ್ಕೊಂಡಿರುತ್ತೆ. ಮೃದಂಗ ತಬಲದೋರು ಯಾರಾದ್ರೂ ಪರಿಚಯ ಇದ್ರೆ ಕರೀರಿ, ನಮ್ಮೂರಲ್ಲಿ ಡ್ರಮ್ಮರ್‌ಗಿಂತ ಅವರೇ ಬೇಗ ಸಿಗೋದು. ಲಯ ಅವರ ಕೈಯಲ್ಲಿ ಗಟ್ಟಿ ಇರುತ್ತೆ, ಅರ್ಧ ಗಂಟೆ ಜತೆಗೆ ನುಡಿಸಿದ್ರೆ ನೀವು ಎಲ್ಲಿ ಓಡ್ತಿದೀರಿ ಅಂತ ಮುಲಾಜಿಲ್ಲದೆ ಹೇಳ್ತಾರೆ.

ಬೇಸ್ ಹೇಳ್ಕೊಡೋರು ಇಲ್ಲಿ ಸಿಗ್ತಾರಾ?

ಸಿಗೋರು ಹೆಚ್ಚಾಗಿ ಗಿಟಾರ್ ಟೀಚರ್‌ಗಳು, ಬೇಸನ್ನ ಪಕ್ಕದಲ್ಲಿ ಹೇಳ್ಕೊಡ್ತಾರೆ. ಮೊದಲ ಕೆಲವು ತಿಂಗಳಿಗೆ ಅವರೇ ಸಾಕು, ಎಡಗೈ ಹೆಬ್ಬೆರಳು ಎಲ್ಲಿರ್ಬೇಕು, ಮಣಿಕಟ್ಟು ಎಷ್ಟು ಬಗ್ಗಿರ್ಬೇಕು ಅನ್ನೋದನ್ನ ಎದುರಿಗೆ ಕೂತ ಮನುಷ್ಯ ಹೇಳಿದ ಹಾಗೆ ವಿಡಿಯೋ ಹೇಳಲ್ಲ. ಸರ್ಟಿಫಿಕೇಟ್ ಬೇಕು ಅಂದ್ರೆ ಟ್ರಿನಿಟಿ, ರಾಕ್‌ಸ್ಕೂಲ್ ಎರಡರಲ್ಲೂ ಬೇಸ್‌ಗೇ ಅಂತ 8ನೇ ಗ್ರೇಡ್‌ವರೆಗೂ ಪರೀಕ್ಷೆ ಇದೆ. ಅಪ್ಪ ಅಮ್ಮಂಗೆ ತೋರ್ಸೋಕೆ ಒಳ್ಳೇದು.

ಬೆರಳು ಬೊಬ್ಬೆ ಬಂದಿದೆ, ಎಡಗೈ ಮಣಿಕಟ್ಟು ನೋಯ್ತಿದೆ.

ಬೊಬ್ಬೆ ಬಂದ್ರೆ ಒಂದೆರಡು ದಿನ ಬಿಡಿ, ಒಡೀಬೇಡಿ, ಆಮೇಲೆ ಅಲ್ಲಿ ಚರ್ಮ ಗಟ್ಟಿ ಆಗುತ್ತೆ. ಮಣಿಕಟ್ಟು ನೋವು ಬೇರೆ ವಿಷ್ಯ, ಅದನ್ನ ಸಹಿಸ್ಕೊಂಡು ನುಡಿಸೋದು ಶೂರತನ ಅಲ್ಲ. ಬೆಲ್ಟ್ ತೀರ ಉದ್ದ ಬಿಟ್ಟು ಬೇಸ್ ಮೊಣಕಾಲ ಹತ್ರ ನೇತಾಡ್ತಿದ್ರೆ ಮೇಲಕ್ಕೆ ಏರ್ಸಿ, ಫೋಟೋದಲ್ಲಿ ಚೆನ್ನಾಗಿ ಕಾಣ್ದಿದ್ರೂ ಪರ್ವಾಗಿಲ್ಲ. ಮೊದಲ ಐದು ಫ್ರೆಟ್ ಕಡೆ ಬೆರಳಿಗೊಂದು ಫ್ರೆಟ್ ಅಂತ ಹಟ ಮಾಡದೆ ತೋರುಬೆರಳು, ಮಧ್ಯದ್ದು, ಕಿರುಬೆರಳು ಮೂರಲ್ಲೇ ಮೂರು ಫ್ರೆಟ್ ಹಿಡೀರಿ, ದೊಡ್ಡ ಡಬಲ್ ಬೇಸ್ ನುಡಿಸೋರು ಮಾಡೋದು ಹಂಗೇ. ಆಗ್ಲೂ ನೋವು ಹೋಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ.

ಫೆಸ್ಟಲ್ಲಿ ಸೌಂಡ್‌ನೋರು ನಮ್ಮ ಬೇಸ್ ಕೇಳಿಸೋದೇ ಇಲ್ಲ ಹಂಗೆ ಮಾಡ್ತಾರೆ. ಏನ್ ಮಾಡೋದು?

ಪಾಪ, ಅವರಿಗೆ ಅಭ್ಯಾಸ ಇರೋದು ಗಣೇಶನ ಪೆಂಡಾಲ್ ಆರ್ಕೆಸ್ಟ್ರಾ, ಅಲ್ಲಿ ಎಷ್ಟೋ ಸಲ ಬೇಸ್ ಕೀಬೋರ್ಡ್ ಎಡಗೈಯಿಂದಲೇ ಬರುತ್ತೆ. ಜಗಳ ಆಡೋ ಬದ್ಲು ಮುಂಚೆನೇ ಹೋಗಿ ಡಿಐ ಬಾಕ್ಸ್ ಇದ್ಯಾ ಅಂತ ಕೇಳಿ, ಇಲ್ದಿದ್ರೆ ಒಂದು ನೀವೇ ಇಟ್ಕೊಳ್ಳಿ, ಬೇಸಿಂದ ಅದಕ್ಕೆ, ಅದ್ರಿಂದ ಮಿಕ್ಸರ್‌ಗೆ. ಕೇಬಲ್ ಎರಡು ತಗೊಂಡೋಗಿ, ಒಂದು ಕೈಕೊಟ್ಟೇ ಕೊಡುತ್ತೆ. ಸೌಂಡ್ ಚೆಕ್ ಟೈಮಲ್ಲಿ ಸ್ಟೈಲ್ ಹೊಡೀದೆ ನಿಮ್ಮ ಸೆಟ್ಟಲ್ಲಿ ಎಲ್ಲಕ್ಕಿಂತ ಜೋರಿನ ಹಾಡು, ಎಲ್ಲಕ್ಕಿಂತ ಮೆತ್ತನೆ ಹಾಡು, ಎರಡನ್ನೂ ಸ್ವಲ್ಪ ನುಡಿಸಿ. ಮತ್ತೆ ಬೇಸ್ ನಾಬ್ ಪೂರ್ತಿ ತಿರುಗಿಸಿದ್ರೆ ಕೇಳ್ಸುತ್ತೆ ಅನ್ನೋದು ಸುಳ್ಳು, ಹಾಲಲ್ಲಿ ಬರೀ ಗುಡುಗು ಬರುತ್ತೆ, ಸ್ವರ ಬಿಡಿಸಿ ಕೇಳ್ಬೇಕು ಅಂದ್ರೆ ಮಿಡ್ (ಮಧ್ಯದ ದನಿಯ ನಾಬ್) ಸ್ವಲ್ಪ ಏರ್ಸಿ.

ಹೋಟೆಲ್ ಕ್ಯಾಲಿಫೋರ್ನಿಯಾ ಕೇಳ್ತಾರೆ ಎಲ್ರೂ. ಬೇಸ್ ಕಷ್ಟನಾ?

ಸ್ವರ ಕಷ್ಟ ಇಲ್ಲ. ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಎಫ್ ಶಾರ್ಪ್, ಎಂಟು ಕಾರ್ಡಿನ ಸುತ್ತು. ಈಗಲ್ಸ್ ಬ್ಯಾಂಡಿನ 1976ರ ಆಲ್ಬಮ್ಮಲ್ಲಿ ರ್‍ಯಾಂಡಿ ಮೈಸ್ನರ್ ನುಡಿಸಿರೋದು ಕೇಳಿ, ರೆಗ್ಗೆ ಥರ ಒಂದು ಮಾತು ಹೇಳಿ ಸುಮ್ಮನಾಗ್ತಾನೆ, ಮತ್ತೊಂದು ಮಾತು, ಮತ್ತೆ ಸುಮ್ನೆ. ನಾವು ಆ ಖಾಲಿ ಜಾಗನೆಲ್ಲ ತುಂಬಿಸಿಬಿಡ್ತೀವಿ, ಆಗ ಎರಡು ಗಿಟಾರ್‌ಗೂ ಉಸಿರಾಡೋಕೆ ಜಾಗ ಇರಲ್ಲ.

ಸೆವೆನ್ ನೇಷನ್ ಆರ್ಮಿ ಬೇಸ್ ರಿಫ್ ಕಲ್ತಿದೀನಿ, ಇದು ಕ್ಲಾಸಿಕ್ ರಾಕಾ?

2003ರ ಹಾಡು, ನಿಮ್ಮ ವಯಸ್ಸಿಗೆ ಕ್ಲಾಸಿಕ್ಕೇ ಇರ್ಬೋದು. ಆದ್ರೆ ಅದು ಬೇಸೇ ಅಲ್ಲ, ಜ್ಯಾಕ್ ವೈಟ್ ಗಿಟಾರನ್ನ ಪೆಡಲ್ಲಲ್ಲಿ ಒಂದು ಸ್ಥಾಯಿ ಇಳಿಸಿ ನುಡಿಸಿರೋದು. ಬೇಸೇ ಮುಂದೆ ನಿಂತು ಮೆರೆಯೋ ಹಾಡು ಬೇಕಾ, ಫ್ಲೀಟ್‌ವುಡ್ ಮ್ಯಾಕ್‌ನ 1977ರ ದ ಚೈನ್ ಕೇಳಿ, ಕೊನೇ ಭಾಗದಲ್ಲಿ ಎಲ್ಲ ನಿಂತು ಬೇಸ್ ಒಂದೇ ಉಳಿಯುತ್ತೆ, ಬಿಬಿಸಿಯೋರು ಅದನ್ನೇ ಫಾರ್ಮುಲಾ ಒನ್ ರೇಸಿನ ಟ್ಯೂನ್ ಮಾಡ್ಕೊಂಡಿದ್ರು. ಇಲ್ಲಾ ದ ಹೂ ಬ್ಯಾಂಡಿನ ಮೈ ಜನರೇಷನ್, 1965ರಲ್ಲೇ ಜಾನ್ ಎಂಟ್ವಿಸಲ್ ಬೇಸ್ ಸೋಲೋ ಹೊಡೆದಿದಾನೆ, ಅದನ್ನ ಮಾತ್ರ ಮೊದಲ ವರ್ಷ ಮುಟ್ಟೋಕೆ ಹೋಗ್ಬೇಡಿ.

ತಂತಿ ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ಬೇಕು?

ಕಿತ್ತೋಗೋವರೆಗೂ ಕಾಯೋದಾದ್ರೆ ವರ್ಷಗಟ್ಲೆ ನಡೆಯುತ್ತೆ, ಬೇಸ್ ತಂತಿ ಅಷ್ಟು ಸುಲಭಕ್ಕೆ ಹರಿಯಲ್ಲ. ಬೆವರು, ಧೂಳು ಸುತ್ತಿನೊಳಗೆ ಕೂತು ದನಿ ಮಂಕಾಗುತ್ತೆ ಅಷ್ಟೆ. ಪ್ರತಿಸಲ ನುಡಿಸಿದ ಮೇಲೆ ಹಳೇ ಬನಿಯನ್ ಬಟ್ಟೇಲಿ ಒರೆಸಿ, ತಂತಿ ಅಡಿಗೂ. ಸೆಟ್ ಬೆಲೆ ಗಿಟಾರ್ ತಂತಿಗಿಂತ ಬಹಳ ಜಾಸ್ತಿ, ಅದಕ್ಕೇ ಕೆಲವ್ರು ಬಿಚ್ಚಿ ಕುದಿಯೋ ನೀರಲ್ಲಿ ಹತ್ತು ನಿಮಿಷ ಹಾಕಿ ಪೂರ್ತಿ ಒಣಗಿಸಿ ಮತ್ತೆ ಕಟ್ತಾರೆ, ಸ್ವಲ್ಪ ದಿನ ಹೊಳಪು ವಾಪಸ್ ಬರುತ್ತೆ. ಅಡುಗೆಮನೆ ಪಾತ್ರೇಲಿ ಮಾಡ್ಬೇಡಿ, ಅಮ್ಮನ ಕೈಗೆ ಸಿಕ್ಕಿಬೀಳ್ತೀರಿ. ಹೊಸ ಸೆಟ್ ತಗೊಳ್ಳೋದಾದ್ರೆ 45ರಿಂದ 105ರ ಅಳತೆ ಕೇಳಿ, ಅದೇ ಮಾಮೂಲು. ನುಣುಪಾದ ಫ್ಲ್ಯಾಟ್‌ವೂಂಡ್ ತಂತಿ ಹಾಕಿದ್ರೆ ದನಿ ಅರವತ್ತರ ದಶಕದ ಕಡೆ ಹೋಗುತ್ತೆ, ಬೆರಳಿಗೂ ಹಿತ, ಬಹಳ ವರ್ಷ ಬಾಳಿಕೆ ಬರುತ್ತೆ.

ಐದು ತಂತಿ ಬೇಸ್ ತಗೊಂಡ್ರೆ ಮುಂದಕ್ಕೆ ಆಗುತ್ತಲ್ವಾ?

ಈ ಪೇಜಲ್ಲಿ ಹೇಳಿರೋ ಹಾಡೆಲ್ಲ ನಾಕು ತಂತೀಲಿ ನುಡಿಸ್ಬೋದು. ಆ ಎಕ್ಸ್ಟ್ರಾ ದುಡ್ಡಲ್ಲಿ ಒಳ್ಳೆ ಕೇಬಲ್ಲು, ಟ್ಯೂನರ್ರು, ಅಗಲದ ಬೆಲ್ಟು ತಗೊಳ್ಳಿ.